ಗ್ರೂಪಿನಲ್ಲಿ 400 ಜನ, ಹಾಲ್‌ನಲ್ಲಿ 60: ಓದುವವರು ಯಾರು ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಮುಂಬಯಿಯ ಮುಲುಂಡ್ ಕಡೆಯ ಒಂದು ಸಣ್ಣ ಕನ್ನಡ ಸಂಘಕ್ಕೆ ಈ ವರ್ಷದಿಂದ ನಾನು ಕಾರ್ಯದರ್ಶಿ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸುಮಾರು 400 ಜನ ಇದ್ದಾರೆ, ಕರಾವಳಿಯವರೂ ಇದ್ದಾರೆ, ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಆಗಸ್ಟ್‌ನಲ್ಲಿ ಊರಿನಿಂದ ಬಂದ ಮೇಳದ ಯಕ್ಷಗಾನ ಇಟ್ಟುಕೊಂಡಿದ್ದೆವು. ಗ್ರೂಪಿಗೆ, ಬ್ರಾಡ್‌ಕಾಸ್ಟ್ ಲಿಸ್ಟಿಗೆ, ಫೇಸ್‌ಬುಕ್ಕಿಗೆ ಒಂದೇ ಮೆಸೇಜ್ ಹಾಕಿದೆ. ಬಂದವರು 60. ಮಾರನೇ ದಿನ 'ನಮಗೆ ಗೊತ್ತೇ ಆಗಲಿಲ್ಲ' ಅಂತ ಒಂದಷ್ಟು ಜನ. ಊಟದ ಲೆಕ್ಕ ಕೇಳುವಾಗ ತಮಾಷೆಗೆ ಒಂದು ಸಾಲು ಬರೆದೆ, ಹೋಟೆಲ್ ನಡೆಸಿ ನಿವೃತ್ತರಾದ, ಹಿಂದಿನ ಎರಡು ಕಾರ್ಯಕ್ರಮಕ್ಕೆ ತಡವಾಗಿ ಬಂದಿದ್ದ ಹಿರಿಯರೊಬ್ಬರು ಗ್ರೂಪು ಬಿಟ್ಟು ಹೋದರು. ಈಗ ಕಮಿಟಿಯಲ್ಲಿ ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಅಂತ ಜಗಳ. ಇನ್‌ಸ್ಟಾಗ್ರಾಮ್ ಶುರು ಮಾಡಿ ಅಂತ ಹುಡುಗರು. ಎದುರಿಗೆ ಯಾರಿದ್ದಾರೆ ಅಂತ ಕಾಣದೆ ಬರೆಯೋದು ಹೇಗೆ ಸರ್?

ಉತ್ತರ: 400ಕ್ಕೆ 60 ಅಂದರೆ ಅಷ್ಟೇನೂ ಕೆಟ್ಟ ಲೆಕ್ಕ ಅಲ್ಲ, ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಮಳೆಗಾಲದ ಭಾನುವಾರ ಮುಂಬಯಿಯಲ್ಲಿ ಮನೆಯಿಂದ ಎದ್ದು, ಛತ್ರಿ ಹಿಡಿದು, ರಿಕ್ಷಾ ಆಮೇಲೆ ಲೋಕಲ್ ಅಂತ ಬದಲಾಯಿಸಿಕೊಂಡು ಒಂದು ಹಾಲ್‌ಗೆ ಬರುವುದು ಸಣ್ಣ ಮಾತಲ್ಲ. ಆದರೆ 'ಗೊತ್ತೇ ಆಗಲಿಲ್ಲ' ಅಂದವರ ಮಾತನ್ನು ಹಗುರವಾಗಿ ತಗೋಬೇಡಿ. ಅವರು ನೆಪ ಹೇಳುತ್ತಿಲ್ಲ. ಮೆಸೇಜ್ ಅವರ ಫೋನಿನ ತನಕ ಬಂದಿದೆ, ಅವರ ತನಕ ಬಂದಿಲ್ಲ.

ಗ್ರೂಪಿನಲ್ಲಿ ಇಲ್ಲದ ಕೆಲವರ ಫೋನಿಗೂ ಬಂದಿರಲಿಕ್ಕಿಲ್ಲ. ಇದು ಬಹಳ ಕಾರ್ಯದರ್ಶಿಗಳಿಗೆ ಗೊತ್ತಿರದ ವಿಷಯ, ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ (ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಪಟ್ಟಿ) ಒಂದು ಲಿಸ್ಟಿಗೆ 256 ಜನರ ಮಿತಿ ಇದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ನೀವು ಈ ವರ್ಷ ಬಂದವರು. ಹಳೇ ಕಾರ್ಯದರ್ಶಿಯ ನಂಬರ್ ಎಲ್ಲರ ಹತ್ತಿರ ಇದೆ, ನಿಮ್ಮದು ಎಷ್ಟು ಜನರ ಹತ್ತಿರ ಇದೆ? ಅದರಲ್ಲೂ ಹಿರಿಯರು ಹೊಸ ನಂಬರ್ ಸೇವ್ ಮಾಡುವುದು ಮಗನೋ ಮೊಮ್ಮಗಳೋ ಮನೆಗೆ ಬಂದಾಗ. ನೀವು ಕಳಿಸಿದ್ದು ಅವರಿಗೆ ಮುಟ್ಟಲೇ ಇಲ್ಲ, 'ಈ ಹುಡುಗ ಹಿರಿಯರಿಗೆ ಹೇಳಲೂ ಇಲ್ಲ' ಅಂತ ಅವರು ಬೇಜಾರು ಮಾಡಿಕೊಂಡಿರುತ್ತಾರೆ. ಸಂಘಕ್ಕೆ ಅಂತಲೇ ಒಂದು ಸಿಮ್ ಇಟ್ಟುಬಿಡಿ. ಕಾರ್ಯದರ್ಶಿ ಬದಲಾದರೂ ನಂಬರ್ ಬದಲಾಗಬಾರದು.

ಇನ್ನು ಗ್ರೂಪು. ಅಲ್ಲಿ ಎಲ್ಲರಿಗೂ ಹೋಗಿದೆ, ಸರಿ. ನೀವು ಹಾಕಿದ ಮೆಸೇಜನ್ನು ಒತ್ತಿ ಹಿಡಿದು 'ಇನ್ಫೋ' ನೋಡಿದರೆ ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ನೀಲಿ ಗೆರೆ ಕಾಣದ ಹಾಗೆ ಮಾಡಿಕೊಂಡವರದ್ದೂ ಗ್ರೂಪಿನಲ್ಲಿ ಕಾಣುತ್ತದೆ, ಯಾಕೆಂದರೆ ಆ ಸೆಟ್ಟಿಂಗ್ ಗ್ರೂಪಿಗೆ ಅನ್ವಯಿಸುವುದಿಲ್ಲ. ಒಂದು ಸಲ ಸಮಾಧಾನವಾಗಿ ಕೂತು ಆ ಪಟ್ಟಿ ನೋಡಿ. ನಿಮಗೆ ಆಶ್ಚರ್ಯ ಆಗುತ್ತದೆ. ಗ್ರೂಪಿನಲ್ಲಿ ಒಂದು ಮಾತೂ ಆಡದವರು ಮೊದಲ ಅರ್ಧ ಗಂಟೆಯಲ್ಲೇ ಓದಿರುತ್ತಾರೆ. ಪ್ರತಿ ಮೆಸೇಜಿಗೂ ಕೈ ಮುಗಿಯುವ ಚಿತ್ರ ಹಾಕುವ ಅದೇ ಐದಾರು ಜನ ಇರುತ್ತಾರಲ್ಲ, ಅವರಲ್ಲಿ ಒಬ್ಬಿಬ್ಬರಾದರೂ ಓದದೆಯೇ ಕೈ ಮುಗಿದಿರುತ್ತಾರೆ. (ಇದನ್ನು ಇನ್ಫೋ ತೋರಿಸುವುದಿಲ್ಲ, ಫೋನ್ ಮಾಡಿದಾಗ ಗೊತ್ತಾಗುತ್ತದೆ.)

ಬಹಳ ಜನ ಎಡವುವುದು ಇಲ್ಲೇ. ಉತ್ತರ ಕೊಡುವವರೇ ಓದುಗರು ಅಂದುಕೊಂಡು ಅವರಿಗೆ ಒಪ್ಪುವ ಹಾಗೆ ಬರೆಯುತ್ತಾ ಹೋಗುತ್ತೇವೆ. ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ ಅನ್ನುವ ವೆಬ್ ತಜ್ಞರು 2006ರಲ್ಲಿ ಒಂದು ಲೆಕ್ಕ ಬರೆದಿದ್ದರು, ಈಗಲೂ ಜನ ಅದನ್ನು ಹೇಳುತ್ತಿರುತ್ತಾರೆ: ಅಂತರ್ಜಾಲದ ಬಹುತೇಕ ಗುಂಪುಗಳಲ್ಲಿ 100ಕ್ಕೆ 90 ಜನ ಸುಮ್ಮನೆ ಓದುವವರು, 9 ಜನ ಆಗೊಮ್ಮೆ ಈಗೊಮ್ಮೆ ಮಾತಾಡುವವರು, ಒಬ್ಬನೇ ಒಬ್ಬ ಯಾವಾಗಲೂ ಮಾತಾಡುವವ. ಇದು ಅಂದಾಜಿನ ಸೂತ್ರ, ನಿಮ್ಮ ಗ್ರೂಪಿಗೆ ಹಾಗೇ ಕೂರಬೇಕು ಅಂತಿಲ್ಲ. ಆದರೆ ದಿಕ್ಕು ಸರಿ ಇದೆ. 2013ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಫೇಸ್‌ಬುಕ್ಕಿನ ಸಂಶೋಧಕರು ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನರ ಪೋಸ್ಟ್‌ಗಳನ್ನು ಯಾರು ನಿಜವಾಗಿ ನೋಡಿದರು ಅಂತ ಲೆಕ್ಕ ಹಾಕಿದರು. ಜೊತೆಗೆ ಬರೆದವರನ್ನೂ 'ಎಷ್ಟು ಜನ ನೋಡಿರಬಹುದು' ಅಂತ ಕೇಳಿದರು. ನಿಜವಾಗಿ 100 ಜನ ನೋಡಿದ್ದರೆ ಬರೆದವರು ಅಂದುಕೊಂಡಿದ್ದು ಸುಮಾರು 27. ಅಂದರೆ ಸುಮ್ಮನಿರುವವರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಹಾಲ್‌ಗೆ ಬರಬೇಕಾದವರು, ಬರದೆ ಇದ್ದವರು, ಬೇಜಾರು ಮಾಡಿಕೊಂಡವರು, ಎಲ್ಲರೂ ಆ ಸುಮ್ಮನಿರುವವರಲ್ಲೇ ಇದ್ದಾರೆ.

ಹಾಗಾದರೆ ಮಾತೇ ಆಡದವರನ್ನು ಅರಿಯೋದು ಹೇಗೆ? ವಯಸ್ಸು ಎಷ್ಟು, ಊರು ಯಾವುದು, ಏನು ಓದಿದ್ದಾರೆ ಅಂತ ಪಟ್ಟಿ ಮಾಡಲು ಹೋಗಬೇಡಿ. ಜಾಹೀರಾತು ಕಂಪನಿಗಳಲ್ಲಿ ದುಡಿದ ನಾನೇ ಹೇಳುತ್ತೇನೆ, ಆ ಪಟ್ಟಿಗಳು ಮೀಟಿಂಗಿನಲ್ಲಿ ಚೆನ್ನಾಗಿ ಕಾಣುತ್ತವೆ, ಬರೆಯಲು ಕೂತಾಗ ಕೆಲಸಕ್ಕೆ ಬರುವುದಿಲ್ಲ. ಎರಡೇ ವಿಷಯ ಕಂಡುಕೊಳ್ಳಿ. ಓದುವಾಗ ಆ ಮನುಷ್ಯ ಎಲ್ಲಿರುತ್ತಾನೆ? ಓದಿದ ಕೂಡಲೇ ಅವನ ಬಾಯಿಗೆ ಬರುವ ಮೊದಲ ಪ್ರಶ್ನೆ ಯಾವುದು? ಇವೆರಡಕ್ಕೆ ಉತ್ತರ ನಿಮ್ಮ ಹತ್ತಿರವೇ ಇದೆ. ಯಕ್ಷಗಾನದ ಹಿಂದಿನ ಎರಡು ಮೂರು ದಿನ ನಿಮಗೆ ಎಷ್ಟು ಫೋನ್ ಬಂದವು? ಏನೇನು ಕೇಳಿದರು? ಅದನ್ನೆಲ್ಲ ನೆನಪು ಮಾಡಿ ಒಂದು ಕಾಗದದ ಮೇಲೆ ಬರೆಯಿರಿ. ಫೋನ್ ಮಾಡಿ ಕೇಳಿದ ಪ್ರತಿ ಪ್ರಶ್ನೆಯ ಹಿಂದೆ ಫೋನ್ ಮಾಡದೆ ಮನೆಯಲ್ಲೇ ಉಳಿದ ಒಂದಷ್ಟು ಜನ ಇದ್ದಾರೆ.

ಮುಂಬಯಿಯ ಯಾವುದೇ ಸಂಘದ ಕಾರ್ಯದರ್ಶಿಯನ್ನು ಕೇಳಿ, ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಸ್ಟೇಷನ್ನಿನಿಂದ ಈಸ್ಟಾ, ವೆಸ್ಟಾ? ಎಷ್ಟು ಹೊತ್ತಿಗೆ ಮುಗಿಯುತ್ತದೆ? ಊಟ ಉಂಟಾ? ಲಿಫ್ಟ್ ಇದೆಯಾ? ಪಾರ್ಕಿಂಗ್? ಭಾಗವತರು ಯಾರು? ಭಾನುವಾರ ಬ್ಲಾಕ್ (ಹಳಿ ಕೆಲಸಕ್ಕೆ ಲೋಕಲ್ ರೈಲು ಕಡಿಮೆ ಮಾಡುವುದು) ಇದೆಯಂತೆ, ಹೌದಾ? ಅಧ್ಯಕ್ಷತೆ ಯಾರದ್ದು ಅಂತ ಫೋನ್ ಮಾಡಿ ಕೇಳಿದವರು ಒಬ್ಬರಾದರೂ ಇದ್ದಾರಾ? ನಿಮ್ಮ ಮೆಸೇಜಿನ ಸ್ಕ್ರೀನ್‌ಶಾಟ್ ನೋಡಿದೆ. ಅದರಲ್ಲಿ ಮೊದಲ ಅರ್ಧ ಪೂರ್ತಿ ಅದೇ ಇದೆ.

ಈ ಪ್ರಶ್ನೆಗಳನ್ನು ಯಾರು ಕೇಳುತ್ತಾರೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ನಿಮ್ಮ ಓದುಗರು ಅಲ್ಲೇ ಸಿಗುತ್ತಾರೆ. ಭಾಗವತರು, ಅಂದರೆ ಹಾಡಿ ಆಟ ನಡೆಸುವವರು, ಯಾರು ಅಂತ ಕೇಳುವವರು ಕರಾವಳಿಯ ಹುಚ್ಚು ಅಭಿಮಾನಿಗಳು. ತೆಂಕೋ ಬಡಗೋ (ಯಕ್ಷಗಾನದ ಎರಡು ಶೈಲಿಗಳು), ಚೆಂಡೆ ಯಾರದ್ದು, ಅಭಿಮನ್ಯು ಯಾರು ಮಾಡುತ್ತಾರೆ, ಇಷ್ಟು ಗೊತ್ತಾದರೆ ಸಾಕು, ಅವರು ಪನ್ವೇಲಿನಿಂದಲೂ ಬರುತ್ತಾರೆ, ವಸಾಯಿಯಿಂದಲೂ ಬರುತ್ತಾರೆ. ಊರಿನಲ್ಲಿ ಮೇ ಕೊನೆಯ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದು ಮಳೆಗಾಲದಲ್ಲಿ ಕಲಾವಿದರು ಈ ಕಡೆ ಬರುತ್ತಾರೆ ಅಂತ ಕಾಯುತ್ತಲೇ ಇರುತ್ತಾರೆ. ನೀವು ಕಲಾವಿದರ ಹೆಸರನ್ನೇ ಹಾಕಿಲ್ಲ. 'ಪ್ರಸಿದ್ಧ ಮೇಳದ ನುರಿತ ಕಲಾವಿದರಿಂದ' ಅಂತ ಬರೆದಿದ್ದೀರಿ. ಇವರ ಮಟ್ಟಿಗೆ ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಕೇಳುವುದು ಮಕ್ಕಳಿರುವ ಮನೆಯವರು. ಸೋಮವಾರ ಬೆಳಿಗ್ಗೆ ಸ್ಕೂಲ್ ಬಸ್ಸು ಬರುತ್ತದೆ. ಐರೋಲಿಯಿಂದ ಸೇತುವೆ ದಾಟಿ ಬರುವ ತಾಯಿಗೆ ರಾತ್ರಿ ವಾಪಸ್ ಹೋಗುವ ಬಸ್ಸಿನದ್ದೇ ಚಿಂತೆ. ಯಕ್ಷಗಾನ ಅಂದ ಕೂಡಲೇ ಬೆಳಗಿನ ತನಕ ಅಂತ ಒಂದು ಕಲ್ಪನೆ ತಲೆಯಲ್ಲಿ ಕೂತಿರುತ್ತದೆ ಬೇರೆ. '8.30ಕ್ಕೆ ಮುಗಿಯುತ್ತದೆ' ಅನ್ನುವ ಎರಡು ಪದ ಇದ್ದಿದ್ದರೆ ಆಕೆ ಬರುತ್ತಿದ್ದರೇನೋ. ನಿಮ್ಮ ಮೆಸೇಜಿನಲ್ಲಿ 'ಸಂಜೆ 4 ಗಂಟೆಗೆ ಸರಿಯಾಗಿ' ಅಂತಿದೆ. ಮುಗಿಯುವ ಹೊತ್ತೇ ಇಲ್ಲ.

ಲಿಫ್ಟ್ ಕೇಳುವವರು ಮೊಣಕಾಲು ನೋವಿನವರು. ಅವರು ಬಾಯಿ ಬಿಟ್ಟು ಕೇಳುವುದು ಕಡಿಮೆ, ಬಾರದೆ ಇದ್ದುಬಿಡುವುದು ಜಾಸ್ತಿ.

ಹೋಟೆಲಿನಲ್ಲಿ ದುಡಿಯುವವರ ವಿಷಯ ಪೂರ್ತಿ ಬೇರೆ. ಭಾನುವಾರ ಊರೆಲ್ಲ ರಜೆ ಅಂದರೆ ಅವರಿಗೆ ಡಬಲ್ ಕೆಲಸ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆ ಟಿಫಿನ್ ಶುರುವಾಗುವ ನಡುವೆ, ಮೂರರಿಂದ ನಾಲ್ಕೂವರೆಯೊಳಗೆ ಎಲ್ಲೋ ಒಂದು ಬಿಡುವು ಸಿಗುತ್ತದೆ. ಅವರು ಫೋನ್ ನೋಡುವುದೂ ಆಗಲೇ. ಶುರುವಿನಿಂದ ಬರಲು ಅವರಿಗೆ ಆಗುವುದೇ ಇಲ್ಲ, ಹಾಗಾಗಿ 'ನಮಗಲ್ಲ ಇದು' ಅಂತ ಬಿಟ್ಟುಬಿಡುತ್ತಾರೆ. ಅವರಿಗೆ ಬೇಕಾಗಿದ್ದುದು ಒಂದೇ ಸಾಲು: 'ಏಳೂವರೆಗೆ ಬಂದರೂ ಯುದ್ಧದ ಭಾಗ ಸಿಗುತ್ತದೆ.' ಇದನ್ನು ನಿಮ್ಮ 400 ಜನರ ಗ್ರೂಪಿನಲ್ಲಿ ಬೆಳಿಗ್ಗೆ ಏಳಕ್ಕೆ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಹಾಕಿದರೆ ಅವರ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ ಮೂರೂಕಾಲಿಗೆ ಹಾಕಿ. ಆಫೀಸಿಗೆ ಹೋಗುವವರಿಗೆ ರಾತ್ರಿ ಒಂಬತ್ತೂವರೆ ಸರಿ. ಬೆಳಿಗ್ಗೆ ಡೊಂಬಿವಲಿ ಫಾಸ್ಟಿನಲ್ಲಿ ನಿಂತವರಿಗೆ ಫೋನ್ ಹಿಡಿದ ಕೈ ಎತ್ತಲೂ ಜಾಗ ಇರುವುದಿಲ್ಲ. ನೋಡಿದರೂ ಹಾಗೇ ಸರಿಸಿಬಿಡುತ್ತಾರೆ, ಸಂಜೆಗೆ ಅದು ಮೇಲೆಲ್ಲೋ ಹೋಗಿ ಸೇರಿರುತ್ತದೆ.

ಇನ್ನು ವಿಜಯಪುರ, ಕಲಬುರಗಿ ಕಡೆಯ ಮನೆಗಳು, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯಿಂದ ಬಂದವರು. ನಿಮ್ಮ ಗ್ರೂಪಿನಲ್ಲೂ ಇದ್ದಾರೆ ಅಂತ ಬರೆದಿದ್ದೀರಿ. 'ಯಕ್ಷಗಾನ ನಮಗೇನ್ ತಿಳೀತದ್ರೀ' ಅಂತ ಅವರಲ್ಲಿ ಬಹಳ ಜನ ಅಂದುಕೊಂಡಿರುತ್ತಾರೆ. ತೆಂಕು ಬಡಗು ಅಂದರೆ ಅವರಿಗೆ ಏನೂ ಅಲ್ಲ. ಅವರಿಗೆ ದೊಡ್ಡಾಟ, ಸಣ್ಣಾಟ ಗೊತ್ತು. 'ನಿಮ್ಮ ಕಡೆ ದೊಡ್ಡಾಟ ಇದ್ದ ಹಾಗೆ ಕರಾವಳಿ ಕಡೆಯ ಆಟ, ಅಭಿಮನ್ಯು ಚಕ್ರವ್ಯೂಹಕ್ಕೆ ಹೋಗುವ ಕಥೆ, ಮಾತೆಲ್ಲ ಕನ್ನಡದಲ್ಲೇ' ಅಂತ ಒಂದು ಸಾಲು ಬರೆದರೆ ಬಾಗಿಲು ತೆಗೆದ ಹಾಗೆ. ಆ ಸಾಲನ್ನು ದೊಡ್ಡ ಗ್ರೂಪಿಗೆ ಹಾಕಬೇಡಿ ಮತ್ತೆ. ಕರಾವಳಿಯವರು ಅಲ್ಲಿ ಹೋಲಿಕೆ ಸರಿಯೋ ತಪ್ಪೋ ಅಂತ ಚರ್ಚೆ ಶುರು ಮಾಡಿ ರಾತ್ರಿ ಹನ್ನೊಂದರ ತನಕ ಬಿಡುವುದಿಲ್ಲ. ಆ ಮನೆಗಳವರಲ್ಲಿ ಒಬ್ಬರಿಗೆ ಕಳಿಸಿ, ಅವರೇ ತಮ್ಮವರಿಗೆ ಹೇಳುತ್ತಾರೆ. ನೀವು ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಪಕ್ಕದ ಬಿಲ್ಡಿಂಗಿನ ಮರಾಠಿಯವರನ್ನೂ ಕರೆಯಬೇಕು ಅನ್ನಿಸಿದರೆ ಇದೇ ದಾರಿ. ಸಿಂಧುದುರ್ಗ ಕಡೆಯವರಿಗೆ ದಶಾವತಾರ ಆಟ ಗೊತ್ತು, ಊರ ಜಾತ್ರೆಯಲ್ಲಿ ನೋಡಿ ಬೆಳೆದವರು. ಅಲ್ಲಿಂದ ಶುರು ಮಾಡಿ ಮರಾಠಿಯಲ್ಲೇ ನಾಲ್ಕು ಸಾಲು ಬರೆಯಿರಿ. ನಮ್ಮ ಆಹ್ವಾನ ಪತ್ರಿಕೆಯನ್ನು ಅವರ ಸೊಸೈಟಿ ಗ್ರೂಪಿಗೆ ಹಾಗೇ ಹಾಕಿದರೆ ಏನು ಪ್ರಯೋಜನ?

ಇಷ್ಟು ಹೇಳಿದ ಮೇಲೆ ಮೆಸೇಜಿಗೆ ಬರೋಣ. ನಿಮ್ಮದು ಶುರುವಾಗುವುದು ಹೀಗೆ: 'ಆತ್ಮೀಯ ಕನ್ನಡ ಬಾಂಧವರೇ, ತಮ್ಮೆಲ್ಲರ ಪ್ರೀತಿ ವಿಶ್ವಾಸ ಹಾಗೂ ಸಹಕಾರದೊಂದಿಗೆ ನಮ್ಮ ಸಂಘವು ಸತತವಾಗಿ ನಡೆಸಿಕೊಂಡು ಬರುತ್ತಿರುವ ಕಲಾಸೇವೆಯ ಅಂಗವಾಗಿ...' ಫೋನಿನಲ್ಲಿ ವಾಟ್ಸಾಪ್ ತೆಗೆದ ಕೂಡಲೇ ಕಾಣುವುದು 'ಆತ್ಮೀಯ ಕನ್ನಡ ಬಾಂಧವರೇ, ತಮ್ಮೆ' ಇಷ್ಟು ಮಾತ್ರ. ಮುಂದಿನದ್ದು ಒಳಗೆ ಹೋದರೆ. ಒಳಗೆ ಹೋದರೂ ಉದ್ದದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೆ ಮಡಚಿ 'ಇನ್ನಷ್ಟು ಓದಿ' ಅನ್ನುತ್ತದೆ. ನಿಮ್ಮ ಜಾಗ, ಹೊತ್ತು ಎರಡೂ ಆ ಮಡಿಕೆಯೊಳಗೆ ಸಿಕ್ಕಿಬಿದ್ದಿವೆ. ಹಿಂದಿನ ತಿಂಗಳು ಬಂದ ಸಂತಾಪದ ಮೆಸೇಜ್, ಅದರ ಹಿಂದಿನ ವಾರ್ಷಿಕ ಸಭೆಯ ಮೆಸೇಜ್, ಎಲ್ಲವೂ ಹೊರಗಿನಿಂದ ನೋಡಲು ಹೀಗೇ ಇದ್ದವು ಅಲ್ವಾ? ಮತ್ತೆ ಜನ ಯಾಕೆ ತೆಗೆದು ಓದಬೇಕು?

ನಾನಾದರೆ ಹೀಗೆ ಬರೆಯುತ್ತಿದ್ದೆ:

'ಯಕ್ಷಗಾನ, ಆಗಸ್ಟ್ 9 ಭಾನುವಾರ, ಸಂಜೆ 4ರಿಂದ 8.30. ಅಭಿಮನ್ಯು ಕಾಳಗ. ಮುಲುಂಡ್ ವೆಸ್ಟ್, ಸ್ಟೇಷನ್ನಿನಿಂದ ನಡೆದರೆ ಹತ್ತು ನಿಮಿಷ, ಲಿಫ್ಟ್ ಇದೆ. ಟಿಕೆಟ್ ಇಲ್ಲ. ಆಟ ಮುಗಿದ ಮೇಲೆ ಎಲ್ಲರಿಗೂ ಊಟ ಇದೆ, ಮನೆಯಿಂದ ಎಷ್ಟು ಜನ ಅಂತ ಶುಕ್ರವಾರದೊಳಗೆ ತಿಳಿಸಿದರೆ ಅಡುಗೆಯವರಿಗೆ ಅನುಕೂಲ. ತಡವಾದರೂ ಬನ್ನಿ, ಏಳೂವರೆಗೆ ಯುದ್ಧ. ಹೊರಡುವ ಮೊದಲು ಮೆಗಾ ಬ್ಲಾಕ್ ನೋಡಿಕೊಳ್ಳಿ.'

ಇದರ ಕೆಳಗೆ ಭಾಗವತರು, ಮದ್ದಳೆ, ಚೆಂಡೆ, ಪಾತ್ರಧಾರಿಗಳ ಹೆಸರು. ಅದರ ಕೆಳಗೆ ಸಂಘದ ಹೆಸರು, ಫೋನ್ ನಂಬರ್, ಮ್ಯಾಪ್ ಲಿಂಕ್. ಅಷ್ಟೇ.

ಎರಡು ಸಣ್ಣ ವಿಷಯ ಗಮನಿಸಿ. 'ಬರುವ ಭಾನುವಾರ', 'ನಾಳೆ' ಅಂತ ಎಲ್ಲೂ ಬರೆದಿಲ್ಲ. ಫಾರ್ವರ್ಡ್ ಆಗಿ ನಾಲ್ಕು ಗ್ರೂಪು ಸುತ್ತಿ ಬರುವ ಹೊತ್ತಿಗೆ ನಿಮ್ಮ 'ನಾಳೆ' ಯಾವ ನಾಳೆಯೋ ಯಾರಿಗೆ ಗೊತ್ತು. ಎರಡನೆಯದು, ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೊದಲು ಬರೆದವರು ಯಾರು ಅಂತ ವಾಟ್ಸಾಪ್ ತೋರಿಸುವುದಿಲ್ಲ. ಸಂಘದ ಹೆಸರು, ನಂಬರ್ ಮೆಸೇಜಿನ ಒಳಗೇ ಇಲ್ಲದಿದ್ದರೆ ಥಾಣೆಯಲ್ಲಿ ಕೂತು ಓದಿದವರು ಕೇಳುವುದು ಯಾರನ್ನು? ಮೆಗಾ ಬ್ಲಾಕಿನ ಸಾಲು ಸುಮ್ನೆ ಅಲಂಕಾರಕ್ಕೆ ಹಾಕಿದ್ದಲ್ಲ. ಸೆಂಟ್ರಲ್ ಲೈನಿನಲ್ಲಿ ಮಾಟುಂಗಾದಿಂದ ಮುಲುಂಡ್ ನಡುವೆ ಭಾನುವಾರದ ಬ್ಲಾಕ್ ಆಗಾಗ ಇರುತ್ತದೆ, ಬೆಳಿಗ್ಗೆ 11ರ ಹೊತ್ತಿಗೆ ಶುರುವಾಗಿ ನಾಲ್ಕರ ಹತ್ತಿರ ಮುಗಿಯುತ್ತದೆ. ನಿಮ್ಮ ಕಾರ್ಯಕ್ರಮಕ್ಕೆ ಹೊರಡುವ ಹೊತ್ತೇ ಅದು. ಆ ಒಂದು ಸಾಲು ನೋಡಿದ ಕೂಡಲೇ ಓದುವವರಿಗೆ 'ನಮ್ಮ ಕಷ್ಟ ಇವರಿಗೆ ಗೊತ್ತಿದೆ' ಅನ್ನಿಸುತ್ತದೆ.

ಹಾಗಂತ ಆಹ್ವಾನ ಪತ್ರಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಮಿಟಿಯ ಹಿರಿಯರು 'ಅಧ್ಯಕ್ಷರ ಹೆಸರು ಬಿಟ್ಟುಹೋಯಿತು' ಅಂದರೆ ಅವರ ಮಾತಿಗೂ ತೂಕ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ, ಮಾಹಿಮಿನ ಕರ್ನಾಟಕ ಸಂಘ 1933ರಲ್ಲಿ. ಅಲ್ಲಿಂದ ಇಲ್ಲಿಯ ತನಕ ಈ ಊರಿನ ಕನ್ನಡದವರ ಸಂಘಗಳು ನಡೆದಿರುವುದು ಕೈಯಿಂದ ದುಡ್ಡು ಹಾಕಿ, ಓಡಾಡಿ ಕೆಲಸ ಮಾಡಿದವರಿಂದ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಆ ತಲೆಮಾರಿನವರು ಈಗಲೂ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ನಿಧಾನವಾಗಿ ಓದುತ್ತಾರೆ. ಯಾರ ಅಧ್ಯಕ್ಷತೆ, ದೀಪ ಹಚ್ಚುವವರು ಯಾರು, ಎಲ್ಲ ಅವರಿಗೆ ಮುಖ್ಯ. ಅವರಿಗೆ ಪತ್ರಿಕೆ ಬೇಕೇ ಬೇಕು, ಸಾಧ್ಯವಾದರೆ ಕಾಗದದ ಮೇಲೆ. ಉಳಿದವರಿಗೆ ಮೇಲಿನ ಮೆಸೇಜ್, ಅದರ ಹಿಂದೆಯೇ ಪತ್ರಿಕೆಯ ಚಿತ್ರ. ಪತ್ರಿಕೆಯ ಚಿತ್ರವನ್ನೊಂದೇ ಹಾಕಬೇಡಿ. ಚಿತ್ರದೊಳಗಿನ ಅಕ್ಷರ ಆರು ಇಂಚಿನ ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ, ಆಮೇಲೆ ಹುಡುಕಿದರೆ ಸಿಗುವುದೂ ಇಲ್ಲ.

ಭಾಷೆಯ ಜಗಳ. ನಿಮ್ಮ ಕಮಿಟಿಯಲ್ಲಿ ಇಬ್ಬರೂ ಅರ್ಧ ಸರಿ. ಇಂಗ್ಲಿಷ್ ಬೇಕು ಅನ್ನುವವರಿಗೆ ತಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಗೊತ್ತು. ಕನ್ನಡವೇ ಬೇಕು ಅನ್ನುವವರಿಗೆ, ಕನ್ನಡ ಸಂಘವೂ ಇಂಗ್ಲಿಷಿನಲ್ಲಿ ಬರೆದರೆ ಇನ್ಯಾರು ಕನ್ನಡದಲ್ಲಿ ಬರೆಯುತ್ತಾರೆ ಅನ್ನುವ ಸಂಕಟ. ಇಬ್ಬರೂ ಒಂದು ವಿಷಯ ನೋಡುತ್ತಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಬಹಳ ಮಂದಿಗೆ ಮನೆಯಲ್ಲಿ ಆಡುವ ಕನ್ನಡವೋ ತುಳುವೋ ಕೊಂಕಣಿಯೋ ಚೆನ್ನಾಗಿ ಅರ್ಥವಾಗುತ್ತದೆ. ಲಿಪಿ ಮಾತ್ರ ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿತವರು ಅವರು. ಅಂಥವರಿಗೆ ಇಂಗ್ಲಿಷಿನ ಸುತ್ತೋಲೆ ಯಾಕೆ? ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ, ಕನ್ನಡದಲ್ಲೇ, ಮನೆಯಲ್ಲಿ ಮಾತಾಡುವ ಹಾಗೆ. 'ನಮಸ್ಕಾರ, ಈ ಭಾನುವಾರ, ಒಂಬತ್ತನೇ ತಾರೀಕು, ನಮ್ಮಲ್ಲಿ ಆಟ ಇದೆ, ಎಲ್ಲ ಬನ್ನಿ' ಅಂತ. ಕಣ್ಣು ಮಂಜಾದ ಅಜ್ಜನಿಗೂ ಅದು ಆಗುತ್ತದೆ, ಲಿಪಿ ಬಾರದ ಮೊಮ್ಮಗಳಿಗೂ ಆಗುತ್ತದೆ. ಕಮಿಟಿಯಲ್ಲಿ ದನಿ ಚೆನ್ನಾಗಿರುವವರು ಯಾರಾದರೂ ಇದ್ದೇ ಇರುತ್ತಾರೆ, ಪ್ರತಿ ಸಲ ಅವರಿಂದಲೇ ಹೇಳಿಸಿ. ಜಾಗ, ದಿನ, ಹೊತ್ತು ಇವಿಷ್ಟನ್ನು ಮಾತ್ರ ಕನ್ನಡದ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆಯಿರಿ, ಓಲಾ ಡ್ರೈವರಿಗೆ ತೋರಿಸಲಿಕ್ಕಾದರೂ ಬೇಕಾಗುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ನನಗಂತೂ ಇಷ್ಟ ಇಲ್ಲ. ಆದರೆ ಯುವಕರ ಸಣ್ಣ ಗ್ರೂಪಿನಲ್ಲಿ ಅವರೇ ಹಾಗೆ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ, ಅಲ್ಲಿಗೆ ಹೋಗಿ ತಿದ್ದಬೇಡಿ.

ಈಗ ಆ ತಮಾಷೆ. ನೀವು ಬರೆದಿದ್ದು: 'ಬರೀ ಊಟಕ್ಕೆ ಬರುವವರು ದಯವಿಟ್ಟು ಮೊದಲೇ ಹೇಳಿ', ಮುಂದೆ ಒಂದು ನಗುವ ಮುಖ. ಇದು ಕೆಟ್ಟ ಜೋಕ್ ಅಲ್ಲ. ಕಮಿಟಿಯ ಎಂಟು ಜನ ಚಹಾ ಕುಡಿಯುತ್ತಾ ಕೂತಾಗ ಹೇಳಿದ್ದರೆ ಎಲ್ಲರೂ ನಕ್ಕು ಮುಗಿಸುತ್ತಿದ್ದರು, ಆ ಹಿರಿಯರೂ ನಗುತ್ತಿದ್ದರು. ಬರೆಯುವಾಗ ನಿಮ್ಮ ಕಣ್ಣ ಮುಂದೆ ಇದ್ದಿದ್ದೂ ಆ ಎಂಟು ಜನರೇ. ಅಲೀಸ್ ಮಾರ್ವಿಕ್, ಡೇನಾ ಬಾಯ್ಡ್ ಅಂತ ಇಬ್ಬರು ಸಂಶೋಧಕಿಯರು 2011ರಲ್ಲಿ ಟ್ವಿಟರ್ ಬಳಸುವವರನ್ನು ಕೇಳಿ ಬರೆದಿದ್ದು ಇದನ್ನೇ. ಬರೆಯುವವರ ಮನಸ್ಸಿನಲ್ಲಿ ಒಂದು ಕಲ್ಪನೆಯ ಕೇಳುಗರ ಗುಂಪು ಇರುತ್ತದೆ, ನಿಜವಾಗಿ ಓದುವವರು ಬೇರೆ ಬೇರೆ ಕಡೆಯವರು, ಒಂದೇ ಜಾಗದಲ್ಲಿ ಒತ್ತಿಕೊಂಡು ಕೂತಿರುತ್ತಾರೆ ಅಂತ. ಗೆಳೆಯನಿಗೆ ಹೇಳುವ ಮಾತು, ಮಾವನಿಗೆ ಹೇಳುವ ಮಾತು, ಬಾಸ್‌ಗೆ ಹೇಳುವ ಮಾತು ನಮಗೆಲ್ಲ ಬೇರೆ ಬೇರೆ. ಗ್ರೂಪಿನಲ್ಲಿ ಮೂವರೂ ಇದ್ದಾರೆ.

ದನಿ ಇಲ್ಲದ ಅಕ್ಷರದಲ್ಲಿ ಕುಹಕ, ತಮಾಷೆ ದಾಟುವುದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವು ಸಾಲುಗಳನ್ನು ವ್ಯಂಗ್ಯವಾಗಿ, ಕೆಲವನ್ನು ನಿಜವಾಗಿ ಹೇಳಿ ಅಂತ ಜನರಿಗೆ ಕೊಟ್ಟರು. ಇಮೇಲಿನಲ್ಲಿ ಕಳಿಸಿದವರು 100ಕ್ಕೆ ಸುಮಾರು 78 ಸಲ ಎದುರಿನವರಿಗೆ ಸರಿಯಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದರು. ಗೊತ್ತಾಗಿದ್ದು 56 ಸಲ. ಕಣ್ಣು ಮುಚ್ಚಿ ಊಹಿಸಿದರೂ 50 ಸಲ ಸರಿ ಬರುತ್ತದೆ, ಅಂದರೆ ಲಾಭ ಅಷ್ಟಕ್ಕಷ್ಟೇ. ಅದೇ ಸಾಲುಗಳನ್ನು ದನಿಯಲ್ಲಿ ಹೇಳಿದಾಗ 73ರ ತನಕ ಬಂತು.

ಇದರ ಮೇಲೆ ಊಟದ ವಿಷಯ ಬೇರೆ. ಆ ಹಿರಿಯರು ಹೋಟೆಲ್ ನಡೆಸಿ ನಿವೃತ್ತರಾದವರು ಅಂತ ಬರೆದಿದ್ದೀರಿ. ಹತ್ತಾರು ವರ್ಷ ಊರವರಿಗೆಲ್ಲ ಬಡಿಸಿದ ಮನುಷ್ಯ. ಹಸಿದು ಬಂದವರನ್ನು 'ಬರೀ ಊಟಕ್ಕೆ ಬಂದವರು' ಅಂತ ಹಂಗಿಸುವುದು ಅವರ ಲೆಕ್ಕದಲ್ಲಿ ತಮಾಷೆ ಆಗಲು ಸಾಧ್ಯವೇ ಇಲ್ಲ. ಜೊತೆಗೆ, ಹಿಂದಿನ ಎರಡು ಕಾರ್ಯಕ್ರಮಕ್ಕೆ ಅವರು ತಡವಾಗಿ ಬಂದಿದ್ದರು ಅಂತಲೂ ನೀವೇ ಬರೆದಿದ್ದೀರಿ. ಆ ಸಾಲು ತಮಗೇ ಅಂತ ಅವರಿಗೆ ಅನ್ನಿಸಿರುತ್ತದೆ, ಅದರಲ್ಲಿ ತಪ್ಪಿಲ್ಲ. ನೀವು ಅವರ ಹೆಸರು ಹೇಳಿಲ್ಲ ನಿಜ. ಆದರೆ ಹೆಸರು ಹೇಳದೆ ಬರೆದ ಸಾಲನ್ನು ಪ್ರತಿಯೊಬ್ಬರೂ ತಮ್ಮ ತಲೆಗೇ ಇಟ್ಟು ನೋಡುತ್ತಾರೆ.

ಗ್ರೂಪಿನಲ್ಲಿ ಕ್ಷಮೆ ಕೇಳಬೇಡಿ. ಅದರಿಂದ ವಿಷಯ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ, 'ಏನಾಯ್ತು?' ಅಂತ 20 ಮೆಸೇಜ್ ಬರುತ್ತವೆ. ಅವರನ್ನು ವಾಪಸ್ ಸೇರಿಸಲೂ ಹೋಗಬೇಡಿ. ಮನೆಗೆ ಹೋಗಿ. ಕೈ ಬೀಸಿಕೊಂಡು ಹೋಗಬೇಡಿ, ಒಂದು ಕೆಲಸ ಇಟ್ಟುಕೊಂಡು ಹೋಗಿ. ನವೆಂಬರಿನಲ್ಲಿ ರಾಜ್ಯೋತ್ಸವ ಇದೆಯಲ್ಲ, ಅದರ ಊಟದ ವ್ಯವಸ್ಥೆ ಹೇಗೆ ಮಾಡುವುದು ಅಂತ ಅವರನ್ನೇ ಕೇಳಿ. ಎಷ್ಟು ಜನಕ್ಕೆ ಎಷ್ಟು ಅಕ್ಕಿ ಹಾಕಬೇಕು ಅನ್ನುವುದು ನಿಮ್ಮ ಕಮಿಟಿಯಲ್ಲಿ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಜೋಕಿನ ವಿಷಯ ಅವರೇ ಎತ್ತಿದರೆ 'ತಪ್ಪಾಯ್ತು' ಅನ್ನಿ. ವಿವರಣೆ ಕೊಡಬೇಡಿ. ಇನ್ನು ಮುಂದೆ ಇಂಥದ್ದು ಏನಾದರೂ ಬರೆದಿರಿ ಅನ್ನಿಸಿದರೆ, ಕಳಿಸಿ 15 ನಿಮಿಷದ ತನಕ ತಿದ್ದಬಹುದು, ಎರಡು ದಿನದ ತನಕ ಎಲ್ಲರ ಫೋನಿನಿಂದಲೂ ಅಳಿಸಬಹುದು. ಆದರೆ ಅಳಿಸಿದ ಮೆಸೇಜಿನ ಗುರುತು ಅಲ್ಲೇ ಉಳಿಯುತ್ತದೆ, ಅದನ್ನು ನೋಡಿ ಜನ ಇನ್ನೂ ಜಾಸ್ತಿ ಕಲ್ಪಿಸಿಕೊಳ್ಳುತ್ತಾರೆ. ತಿದ್ದುವುದೇ ಮೇಲು.

ಮುಂದಿನ ಕಾರ್ಯಕ್ರಮಕ್ಕೆ ಮೊದಲು ಒಂದು ಕೆಲಸ ಮಾಡಿ. ಬಂದ 60 ಜನರನ್ನು ಬಿಡಿ, ಅವರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಇನ್ಫೋ ಪಟ್ಟಿಯಲ್ಲಿ ಓದಿದ್ದಾರೆ ಅಂತ ಇರುವ, ಆದರೆ ಬಾರದ ಕೆಲವರಿಗೆ ಫೋನ್ ಮಾಡಿ. 'ಯಾಕೆ ಬರಲಿಲ್ಲ' ಅಂತ ಕೇಳಬೇಡಿ, ಅದು ಜಗಳದ ದನಿ. 'ಭಾನುವಾರ ಸಂಜೆ ನಿಮಗೆ ಆಗುತ್ತಾ, ಇಲ್ಲ ಬೆಳಿಗ್ಗೆ ಇಟ್ಟರೆ ಒಳ್ಳೆಯದಾ' ಅಂತ ಕೇಳಿ. ಅವರೇ ಕಾರಣ ಹೇಳುತ್ತಾರೆ. ವಾಟ್ಸಾಪ್ ಪೋಲ್ ಕೂಡ ಇದೆ. ಆದರೆ ಅಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುವುದರಿಂದ ನಮ್ಮವರು ಮುಲಾಜಿಗೆ ಬಿದ್ದು 'ಬರುತ್ತೇನೆ' ಅಂತ ಒತ್ತಿಬಿಡುತ್ತಾರೆ. ಊಟದ ಲೆಕ್ಕಕ್ಕೆ ಅದನ್ನು ನಂಬಬೇಡಿ.

ಕೊನೆಗೆ ಇನ್‌ಸ್ಟಾಗ್ರಾಮ್. ಹುಡುಗರು ಕೇಳುತ್ತಿದ್ದಾರೆ ಅಂದರೆ ಬೇಡ ಅನ್ನಬೇಡಿ, ಅವರ ಕೈಗೇ ಕೊಡಿ. ನೀವು ಪತ್ರಿಕೆಯ ಚಿತ್ರ ಹಾಕುವ ಜಾಗ ಅದಲ್ಲ. ಚೌಕಿಯಲ್ಲಿ ವೇಷ ಕಟ್ಟುವುದು, ಬಣ್ಣ ಹಚ್ಚುವುದು, ಚೆಂಡೆಯ ಒಂದು ಪೆಟ್ಟು, ಇಂಥ ಸಣ್ಣ ವಿಡಿಯೋಗಳು ಅಲ್ಲಿ ಓಡುತ್ತವೆ. ಕಲಾವಿದರನ್ನು ಕೇಳಿ ತೆಗೆಯಲು ಹೇಳಿ. ಖಾತೆಯನ್ನು ಪ್ರೊಫೆಷನಲ್ ಮಾಡಿಕೊಂಡು ಫಾಲೋವರ್ಸ್ 100 ದಾಟಿದ ಮೇಲೆ ಅವರು ಯಾವ ಊರಿನವರು, ಯಾವ ವಯಸ್ಸಿನವರು ಅಂತ ಅದೇ ತೋರಿಸುತ್ತದೆ. ಆ ಊರುಗಳ ಪಟ್ಟಿಯನ್ನು ಮರೆಯದೆ ನೋಡಿ. ಯಕ್ಷಗಾನದ ವಿಡಿಯೋಗೆ ಸಾವಿರಗಟ್ಟಲೆ ಲೈಕ್ ಬರಬಹುದು, ಅದರಲ್ಲಿ ಮುಕ್ಕಾಲು ಪಾಲು ಮಂಗಳೂರು, ಉಡುಪಿ, ಬೆಂಗಳೂರಿನವರದ್ದೇ ಇರಬಹುದು. ಲೈಕ್ ನೋಡಿ ಕುರ್ಚಿ ಬಾಡಿಗೆಗೆ ಹೇಳಬೇಡಿ.